ಮಾಟುಂಗ ಕಟ್ಟಿಸಿದ ಚಿಗಟ

ಮುಂಬಯಿಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರನ್ನು ಭಾನುವಾರ ಮಾಟುಂಗಕ್ಕೆ ತಿಂಡಿಗೆ ಕರೆದೊಯ್ದಾಗಲೆಲ್ಲ ಅವರು ಒಂದೇ ಮಾತು ಹೇಳುತ್ತಾರೆ: "ಸರ್, ಇಲ್ಲಿ ಉಸಿರಾಡಬಹುದು." ದಾದರ್ ಸ್ಟೇಷನ್ನಿನ ನೂಕುನುಗ್ಗಲು ದಾಟಿ ಬಂದವರಿಗೆ ಕಿಂಗ್ಸ್ ಸರ್ಕಲ್‌ನ ದುಂಡು ತೋಟ, ಅಲ್ಲಿಂದ ಹೊರಡುವ ಅಗಲ ರಸ್ತೆಗಳು, ಮಳೆಮರಗಳ ನೆರಳು, ಒಂದರ ಮೈಗೆ ಒಂದು ಅಂಟಿಕೊಳ್ಳದೆ ನಿಂತ ಮೂರಂತಸ್ತಿನ ಹಳೆಯ ಕಟ್ಟಡಗಳು ಬೇರೆಯೇ ಊರಿನಂತೆ ಕಾಣುತ್ತವೆ. ಕೋಟೆ, ಮಾಂಡ್ವಿ, ಭುಲೇಶ್ವರಗಳ ಮುಂಬಯಿಗೂ ಇದಕ್ಕೂ ಸಂಬಂಧವೇ ಇಲ್ಲವೇನೋ ಎನ್ನಿಸುತ್ತದೆ.

ಸಂಬಂಧ ಇದೆ. ಮಾಂಡ್ವಿಯ ಇಲಿಗಳು ಸಾಯದೇ ಇದ್ದಿದ್ದರೆ ಮಾಟುಂಗ ಈ ರೂಪದಲ್ಲಿ ಹುಟ್ಟುತ್ತಿರಲಿಲ್ಲ. ಆ ಇಲಿಗಳ ಚರ್ಮಕ್ಕೆ ಅಂಟಿ ರಕ್ತ ಕುಡಿಯುತ್ತಿದ್ದ, ಎಳ್ಳುಕಾಳಿಗಿಂತ ದೊಡ್ಡದಲ್ಲದ ಒಂದು ಜೀವಿ ಈ ರಸ್ತೆಗಳ ನಕ್ಷೆಯ ಹಿಂದೆ ಇದೆ. ಆದರೆ ನಕ್ಷೆ ಬರೆದವರಿಗೆ ಅದರ ಪಾತ್ರವೇ ಗೊತ್ತಿರಲಿಲ್ಲ. ಕಾರಣ ತಪ್ಪಾಗಿ ತಿಳಿದು ಒಂದು ನಗರವನ್ನು ಕೆಡವಿ ಇನ್ನೊಂದನ್ನು ಕಟ್ಟಿದ ಕಥೆ ಇದು. ಪ್ರಾಜೆಕ್ಟು ನಡೆಸಿಯೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದರಲ್ಲಿ ಕುತೂಹಲ ಹುಟ್ಟಿದ್ದು ಸಹಜ. ಮೂಲಕಾರಣ ಹುಡುಕುವ ಮೊದಲೇ ಪರಿಹಾರಕ್ಕೆ ಬಜೆಟ್ ಮಂಜೂರಾಗುವುದನ್ನು ನಾವು ದಿನಾ ನೋಡುತ್ತೇವೆ.

ಮಾಂಡ್ವಿ, 1896

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ನವ್‌ರೋಜಿ ಹಿಲ್ ಪ್ರದೇಶದಲ್ಲಿ ಜ್ವರ ಬಂದು ಕಂಕುಳು, ತೊಡೆಸಂದಿ ಊದಿಕೊಂಡ ರೋಗಿಗಳನ್ನು ನೋಡಿದ ಡಾ. ಅಕಾಸಿಯೊ ಗೇಬ್ರಿಯಲ್ ವಿಯೆಗಸ್ ಇದು ಪ್ಲೇಗು ಎಂದು ಗುರುತಿಸಿದರು. ಗೋವಾ ಮೂಲದ ಈ ವೈದ್ಯರ ಪ್ರತಿಮೆ ಧೋಬಿ ತಲಾವ್‌ನಲ್ಲಿ ಮೆಟ್ರೊ ಸಿನಿಮಾದ ಎದುರು ಇಂದಿಗೂ ಇದೆ. ಎರಡು ವರ್ಷ ಹಿಂದೆ, 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಈ ರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದಿದ್ದರು. ಹಾಗಾಗಿ ರೋಗಾಣು ಯಾವುದೆಂದು ಗೊತ್ತಿತ್ತು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಾಂಡ್ವಿಯಲ್ಲೇ ಏಕೆ? ಅದು ಬಂದರಿನ ಪಕ್ಕದ ಪೇಟೆ. ಕೆಳಗೆ ಧಾನ್ಯದ ಗೋದಾಮು, ಮೇಲೆ ಮನುಷ್ಯರ ವಾಸ. ಗೋದಾಮು ಎಂದರೆ ಇಲಿ. ರೋಗಕ್ಕೆ ಮೊದಲು ಗೋದಾಮುಗಳಲ್ಲಿ ಇಲಿಗಳು ಸತ್ತು ಬೀಳುತ್ತಿದ್ದುದನ್ನು ಅಲ್ಲಿನ ಜನ ಕಂಡಿದ್ದರು. 1897ರ ಫೆಬ್ರವರಿಯ ಹೊತ್ತಿಗೆ ಎಂಟು ಲಕ್ಷ ದಾಟಿದ್ದ ನಗರದ ಸುಮಾರು ಅರ್ಧದಷ್ಟು ಜನ ಊರು ಬಿಟ್ಟಿದ್ದರು. ಗಿರಣಿಗಳಿಗೆ ಕೂಲಿಯಾಳು ಸಿಗಲಿಲ್ಲ. ಹೋದವರ ಗಂಟುಮೂಟೆಯ ಜೊತೆ ರೋಗವೂ ರೈಲು ಹತ್ತಿತು. ಮುಂದಿನ ಎರಡೂವರೆ ದಶಕಗಳಲ್ಲಿ ಭಾರತದಲ್ಲಿ ಪ್ಲೇಗಿಗೆ ಸತ್ತವರ ಸಂಖ್ಯೆ ಒಂದು ಕೋಟಿಯನ್ನು ದಾಟಿತು.

ಅಂದು ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಎಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1898ರಲ್ಲಿ ಹುಬ್ಬಳ್ಳಿ ಪ್ಲೇಗಿನಿಂದ ಜರ್ಜರಿತವಾಯಿತು. ಅದೇ ವರ್ಷ ಆಗಸ್ಟಿನಲ್ಲಿ ರೋಗ ರೈಲುದಾರಿ ಹಿಡಿದು ಬೆಂಗಳೂರು ಮುಟ್ಟಿತು. ನಮ್ಮ ಮನೆತನದಲ್ಲಿ ಹುಟ್ಟುವರ್ಷ ಲೆಕ್ಕ ಹಾಕುವಾಗ ಹಿರಿಯರು "ಪ್ಲೇಗಿನ ಮುಂದಿನ ವರ್ಷ", "ಎರಡನೇ ಪ್ಲೇಗಿನಾಗ" ಎನ್ನುತ್ತಿದ್ದರು. ಹುಬ್ಬಳ್ಳಿಯ ನಮ್ಮ ಅಜ್ಜಿ ಹೇಳುತ್ತಿದ್ದ ಒಂದು ಮಾತು ನನಗೆ ಬಾಯಿಪಾಠ: "ಇಲಿ ಬಿತ್ತಂದ್ರ ಗಂಟು ಕಟ್ಟಬೇಕು ತಮ್ಮಾ, ಡಾಕ್ಟರ್ನ ದಾರಿ ಕಾಯಬಾರ್ದು." ಇಲಿ ಸತ್ತರೆ ಮನೆ ಬಿಟ್ಟು ಊರಾಚೆ ಹೊಲದಲ್ಲಿ ಜೋಪಡಿ ಹಾಕಿಕೊಂಡಿರುವುದು ಅವರ ಕಾಲದ ರೂಢಿ. ಅಜ್ಜಿಗೆ ರೋಗಾಣು ಗೊತ್ತಿರಲಿಲ್ಲ, ಚಿಗಟದ ಪಾತ್ರ ಗೊತ್ತಿರಲಿಲ್ಲ. ಆದರೆ ಯಾವ ಸೂಚನೆಯ ಮೇಲೆ ಕಣ್ಣಿಡಬೇಕೆಂದು ಗೊತ್ತಿತ್ತು.

ಹುಡುಕಿದ್ದು ಮನುಷ್ಯರ ಮೈ

ಸರ್ಕಾರ ಕಣ್ಣಿಟ್ಟಿದ್ದು ಬೇರೆ ಕಡೆ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ಕೋವಿಡ್ ಬಂದಾಗ ನಮ್ಮನ್ನು ಮನೆಯೊಳಗೆ ಕೂರಿಸಲು ಧೂಳು ಕೊಡವಿ ತೆಗೆದದ್ದು ಇದೇ ಕಾಯ್ದೆಯನ್ನು. ಅದರ ಬಲದಿಂದ ಅಧಿಕಾರಿಗಳು ಮನೆಗಳಿಗೆ ನುಗ್ಗಬಹುದಿತ್ತು, ರೋಗಿಗಳನ್ನು ಆಸ್ಪತ್ರೆಗೆ ಎಳೆದೊಯ್ಯಬಹುದಿತ್ತು, ರೈಲು ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸಬಹುದಿತ್ತು. ಪರೀಕ್ಷೆ ಎಂದರೆ ಕಂಕುಳು ಮತ್ತು ತೊಡೆಸಂದಿ ಮುಟ್ಟಿ ಗಡ್ಡೆ ಇದೆಯೇ ಎಂದು ನೋಡುವುದು. ಹೆಂಗಸರನ್ನೂ ಬಿಡಲಿಲ್ಲ. ಪುಣೆಯಲ್ಲಿ ಸಿಟ್ಟು ಕಟ್ಟೆಯೊಡೆದು 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಫೇಕರ್ ಸಹೋದರರು ಗುಂಡು ಹಾರಿಸಿದರು. 1898ರ ಮಾರ್ಚಿನಲ್ಲಿ ಮುಂಬಯಿಯಲ್ಲೂ ದಂಗೆಯಾಯಿತು.

ರೋಗ ಕೊಳಕು ಗಾಳಿ, ತೇವ, ಕತ್ತಲೆ, ಹೊಲಸು ನೆಲದಲ್ಲಿ ಕೂತಿದೆ ಎಂಬುದು ಅಂದಿನ ಅಧಿಕಾರಿಗಳಲ್ಲಿ ಬಹುಮಂದಿಯ ನಂಬಿಕೆ. ಆದ್ದರಿಂದ ಗೋಡೆಗೆ ಸುಣ್ಣ ಬಳಿದರು, ಚರಂಡಿಗೆ ಕಾರ್ಬಾಲಿಕ್ ಆಮ್ಲ ಸುರಿದರು, ಬಿಸಿಲು ಬೀಳಲೆಂದು ಮಾಡಿನ ಹೆಂಚು ತೆಗೆದರು, ಬಡವರ ಹಾಸಿಗೆ ಬಟ್ಟೆ ಸುಟ್ಟರು. ಕತ್ತಲೆ ಕೋಣೆಗಳ ಬಾಗಿಲ ಮೇಲೆ ಯು.ಎಚ್.ಎಚ್. ಎಂದು ಬರೆದರು. ಮನುಷ್ಯವಾಸಕ್ಕೆ ಅಯೋಗ್ಯ ಎಂದು ಅದರರ್ಥ. ಇಷ್ಟೆಲ್ಲ ನಡೆಯುವಾಗ ಗೋಡೆಯ ಸಂದಿಯ ಇಲಿಗಳು ತಮ್ಮ ಮೈಮೇಲಿನ ಚಿಗಟಗಳ ಸಮೇತ ಪಕ್ಕದ ಮನೆಗೆ ಜಾಗ ಬದಲಾಯಿಸುತ್ತಿದ್ದವು.

ಎಲ್ಲವೂ ವ್ಯರ್ಥವಾಯಿತೆಂದಲ್ಲ. 1896ರ ಅಕ್ಟೋಬರಿನಲ್ಲಿ ಬಂದ ವಾಲ್ಡೆಮಾರ್ ಹಾಫ್‌ಕಿನ್ ಗ್ರಾಂಟ್ ಮೆಡಿಕಲ್ ಕಾಲೇಜಿನ ಚಿಕ್ಕ ಜಾಗದಲ್ಲಿ ಕೂತು ಮೂರು ತಿಂಗಳಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡರು. ಹುಬ್ಬಳ್ಳಿಯಲ್ಲಿ ಆ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. 1899ರಲ್ಲಿ ಅವರ ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಸ್ಥಳಾಂತರವಾಯಿತು. ಈಗಿನ ಹಾಫ್‌ಕಿನ್ ಸಂಸ್ಥೆ ಅದೇ.

ಕಾಲಿನ ಮೇಲೊಂದು ಗುಳ್ಳೆ

ಇಲಿಯ ಮೈ ನೋಡಬೇಕೆಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂದ್. ಮುಂಬಯಿಯಲ್ಲಿ ರೋಗಿಗಳನ್ನು ನೋಡಿದ ಅವರು ಒಂದು ಚಿಕ್ಕ ಸಂಗತಿಯನ್ನು ಗಮನಿಸಿದ್ದರು. ಕೆಲವು ರೋಗಿಗಳಿಗೆ ಗಡ್ಡೆ ಏಳುವ ಮೊದಲೇ ಪಾದ ಅಥವಾ ಕಾಲಿನ ಚರ್ಮದ ಮೇಲೆ ಸಾಸಿವೆಯಷ್ಟು ನೀರುಗುಳ್ಳೆ ಇರುತ್ತಿತ್ತು. ಕಾಲಲ್ಲಿ ಗುಳ್ಳೆಯಿದ್ದರೆ ತೊಡೆಸಂದಿಯಲ್ಲಿ ಗಡ್ಡೆ. ಆ ಗುಳ್ಳೆಯಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ತುಂಬಿತ್ತು. ರೋಗ ಗಾಳಿಯಿಂದ ಬಂದಿದ್ದರೆ ಕಾಲಿನ ಚರ್ಮದಿಂದ ಏಕೆ ಶುರುವಾಗಬೇಕು? ಏನೋ ಕಚ್ಚಿದೆ ಎಂದು ಅವರು ಊಹಿಸಿದರು.

1898ರ ಜೂನ್ 2ರಂದು ಕರಾಚಿಯಲ್ಲಿ ಅವರು ಮಾಡಿದ ಪ್ರಯೋಗ ನಮ್ಮ ಹೈಸ್ಕೂಲ್ ಲ್ಯಾಬಿನಲ್ಲೂ ಮಾಡಬಹುದಾದಷ್ಟು ಸರಳ. ಒಂದು ದೊಡ್ಡ ಗಾಜಿನ ಜಾಡಿ, ತಳದಲ್ಲಿ ಮರಳು. ಪ್ಲೇಗು ಬಂದ ಮನೆಯಲ್ಲಿ ಸಿಕ್ಕ ಕಾಯಿಲೆಯ ಇಲಿ ಒಳಗೆ. ಬೆಕ್ಕಿನಿಂದ ಹೆಕ್ಕಿದ ಚಿಗಟಗಳನ್ನೂ ಅದರ ಮೇಲೆ ಬಿಟ್ಟರು. ಆ ಇಲಿ ಸಾಯುವ ಹಂತಕ್ಕೆ ಬಂದಾಗ, ತಂತಿಪಂಜರದಲ್ಲಿ ಒಂದು ಆರೋಗ್ಯವಂತ ಇಲಿಯನ್ನು ಮರಳಿನ ಮೇಲೆ ತೂಗುಹಾಕಿದರು. ಎರಡೂ ಪರಸ್ಪರ ಮುಟ್ಟುವಂತಿರಲಿಲ್ಲ. ಮೊದಲನೆಯದು ಸತ್ತಿತು. ಕೆಲವು ದಿನಗಳಲ್ಲಿ ಪಂಜರದ ಇಲಿಯೂ ಗಡ್ಡೆ ಎದ್ದು ಸತ್ತಿತು. ಚಿಗಟವಿಲ್ಲದ ಕಾಯಿಲೆ ಇಲಿಯ ಪಕ್ಕ ಬಿಟ್ಟ ಇಲಿಗಳಿಗೆ ಏನೂ ಆಗಲಿಲ್ಲ.

ಇದಕ್ಕೆ ಸಿಕ್ಕ ಸ್ವಾಗತ ತಿರಸ್ಕಾರ. 1898-99ರಲ್ಲಿ ಭಾರತ ಸುತ್ತಿದ ಪ್ಲೇಗ್ ಆಯೋಗವು ಸಿಮೊಂದ್ ವಾದವನ್ನು ಒಪ್ಪಲಿಲ್ಲ. ಫಾರ್ಮೋಸಾದಲ್ಲಿ ಜಪಾನಿನ ಮಸನೋರಿ ಒಗಾಟ 1897ರಲ್ಲೇ ಚಿಗಟದ ಕಡೆ ಬೆರಳು ತೋರಿಸಿದ್ದರೂ ಅದು ಪ್ರಯೋಜನವಾಗಲಿಲ್ಲ.

ಮುಂದಿನ ಹೆಜ್ಜೆ ಮುಂಬಯಿಯಲ್ಲೇ. ಪರೇಲ್ ಪ್ರಯೋಗಶಾಲೆಯ ಡಾ. ಗ್ಲೆನ್ ಲಿಸ್ಟನ್ ಚಾಳುಗಳಿಗೆ ಹೋಗಿ ಚಿಗಟ ಹಿಡಿದು ಜಾತಿ ಎಣಿಸಲು ಕೂತರು. ಸಾಮಾನ್ಯ ದಿನಗಳಲ್ಲಿ ಮನುಷ್ಯರ ಮೈಮೇಲೆ ಇಲಿಯ ಚಿಗಟ ಸಿಗುವುದೇ ಅಪರೂಪ. ಆದರೆ ಇಲಿಗಳು ಸತ್ತುಹೋದ ಒಂದು ಚಾಳಿನಲ್ಲಿ ಮನುಷ್ಯರ ಮೇಲೆ ಹಿಡಿದ ಚಿಗಟಗಳಲ್ಲಿ ಸುಮಾರು ಅರ್ಧದಷ್ಟು ಇಲಿಯವೇ ಆಗಿದ್ದವು. ಚಿಗಟಕ್ಕೆ ಬಿಸಿರಕ್ತ ಬೇಕು. ಇಲಿ ಸತ್ತು ತಣ್ಣಗಾದೊಡನೆ ಅದು ಇಳಿದು ಹಸಿವಿನಿಂದ ಕಾಯುತ್ತದೆ. ಬೇರೆ ಇಲಿ ಸಿಗದಿದ್ದಾಗ ಮನುಷ್ಯನ ಕಾಲು. "ಇಲಿ ಬಿತ್ತಂದ್ರ ಗಂಟು ಕಟ್ಟಬೇಕು" ಎಂಬ ಅಜ್ಜಿಯ ಮಾತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಡ.

1905ರಲ್ಲಿ ಹೊಸ ಸಂಶೋಧನಾ ಆಯೋಗ ಪರೇಲಿನಲ್ಲಿ ಕೆಲಸ ಶುರುಮಾಡಿತು. ಅಂಗಳದಲ್ಲಿ ಪುಟ್ಟ ಗುಡಿಸಲುಗಳನ್ನು ಕಟ್ಟಿ ಗಿನಿಪಿಗ್‌ಗಳನ್ನು ಬಿಟ್ಟರು. ಚಿಗಟವಿದ್ದಲ್ಲಿ ರೋಗ ಹರಡಿತು, ಚಿಗಟವಿಲ್ಲದಲ್ಲಿ ಕಾಯಿಲೆಯವು ಮತ್ತು ಆರೋಗ್ಯವಂತವು ಒಟ್ಟಿಗಿದ್ದರೂ ಹರಡಲಿಲ್ಲ. ನೆಲದಿಂದ ಎರಡಿಂಚು ಮೇಲಿಟ್ಟ ಪಂಜರದ ಪ್ರಾಣಿಗೆ ರೋಗ ತಗುಲಿತು, ಎರಡಡಿ ಮೇಲೆ ತೂಗುಹಾಕಿದ್ದಕ್ಕೆ ತಗುಲಲಿಲ್ಲ. ಈ ಚಿಗಟದ ಜಿಗಿತ ಸುಮಾರು ನಾಲ್ಕು ಇಂಚು. ಪಂಜರದ ಸುತ್ತ ಅಂಟುಕಾಗದ ಹಾಸಿದರೆ ಪ್ರಾಣಿ ಉಳಿಯಿತು, ಚಿಗಟಗಳು ಕಾಗದದ ಮೇಲೆ ಸಿಕ್ಕಿಬಿದ್ದವು. ಜೊತೆಗೆ ಒಂದೇ ವರ್ಷದಲ್ಲಿ ನಗರದ ಲಕ್ಷಕ್ಕೂ ಹೆಚ್ಚು ಇಲಿಗಳನ್ನು ತರಿಸಿ ಪರೀಕ್ಷಿಸಿದರು. ಚರಂಡಿಯ ಕಂದು ಇಲಿಗಳಿಗೆ ಮೊದಲು ರೋಗ, ಸುಮಾರು ಹತ್ತು ದಿನಕ್ಕೆ ಮನೆಯ ಕಪ್ಪು ಇಲಿಗಳಿಗೆ, ಮತ್ತೆ ಹತ್ತು-ಹದಿನಾಲ್ಕು ದಿನಕ್ಕೆ ಮನುಷ್ಯರಿಗೆ. ಮೂರು ಅಲೆಗಳು, ನಡುವೆ ಲೆಕ್ಕ ಹಾಕಬಹುದಾದ ಅಂತರ.

ಆ ಚಿಗಟಕ್ಕೆ 1903ರಲ್ಲಿ ಹೆಸರಿಟ್ಟವರು ಬ್ಯಾಂಕಿಂಗ್ ಮನೆತನದ ಚಾರ್ಲ್ಸ್ ರಾತ್ಸ್‌ಚೈಲ್ಡ್. ನೈಲ್ ತೀರದಲ್ಲಿ ಸಿಕ್ಕಿದ್ದರಿಂದ ಪಿರಮಿಡ್ ಕಟ್ಟಿಸಿದ ಕಿಯಾಪ್ಸ್ ದೊರೆಯ ನೆನಪಲ್ಲಿ 'ಕಿಯಾಪಿಸ್' ಎಂದರು. 1914ರಲ್ಲಿ ಲಂಡನ್ನಿನಲ್ಲಿ ಆರ್ಥರ್ ಬೇಕಟ್ ಮತ್ತು ಚಾರ್ಲ್ಸ್ ಮಾರ್ಟಿನ್ ಕೊನೆಯ ತುಣುಕು ಜೋಡಿಸಿದರು. ಬ್ಯಾಕ್ಟೀರಿಯಾ ಚಿಗಟದ ಜಠರದ ಬಾಯಿಯಲ್ಲಿ ಬೆಳೆದು ಬಿರಡೆಯಂತೆ ಕೂತುಬಿಡುತ್ತದೆ. ಕುಡಿದ ರಕ್ತ ಒಳಗಿಳಿಯದು, ಹಸಿವು ತೀರದು. ಚಿಗಟ ಹುಚ್ಚು ಹಿಡಿದಂತೆ ಮತ್ತೆಮತ್ತೆ ಕಚ್ಚುತ್ತದೆ, ಪ್ರತಿ ಸಲವೂ ಬಿರಡೆಗೆ ತಾಗಿದ ರಕ್ತ ಗಾಯಕ್ಕೆ ಹಿಂದಿರುಗುತ್ತದೆ. ರೋಗ ಹರಡುವ ಚಿಗಟವೇ ಉಪವಾಸದಿಂದ ಸಾಯುತ್ತದೆ. ಬೇಕಟ್ ಕೂಡ 1922ರಲ್ಲಿ ಕೈರೋದಲ್ಲಿ ಹೇನಿನಿಂದ ಹರಡುವ ಟೈಫಸ್ ಅಧ್ಯಯನ ಮಾಡುತ್ತಲೇ ಆ ರೋಗಕ್ಕೆ ಬಲಿಯಾದರು.

ಬಿಲದೊಳಗಿನ ಸಂಸಾರ

ಇಲ್ಲಿ ಒಂದು ಚಿಕ್ಕ ಅಡ್ಡದಾರಿ. ಕಳೆದ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ಹಗಲುಹೊತ್ತೇ ಒಂದು ಹೆಗ್ಗಣ ಹೊರಬಂತು. ಬೆನ್ನಿನ ಕೂದಲೆಲ್ಲ ಉದುರಿ, ಕಿವಿಯಂಚು ಮತ್ತು ಮೂಗಿನ ಮೇಲೆ ಹೂಕೋಸಿನಂತೆ ಹಕ್ಕಳೆ ಕಟ್ಟಿತ್ತು. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂದದ್ದೇ ತಡ, ಒಬ್ಬರು ಪ್ಲೇಗು ಎಂದರು, ಇನ್ನೊಬ್ಬರು ಕುಷ್ಠ ಎಂದರು, ಮಕ್ಕಳು ಕೆಳಗಿಳಿಯಬಾರದೆಂದು ಅಪ್ಪಣೆಯಾಯಿತು. ಕೀಟನಾಶಕ ಹೊಡೆಯಲು ಬಂದ ಹುಡುಗ ಒಂದೇ ನೋಟಕ್ಕೆ ಹೇಳಿದ: "ಖಾಜ್ ಹೈ ಸಾಬ್." ಕಜ್ಜಿ. ಅವನು ಹೇಳಿದ್ದು ಆ ಲಕ್ಷಣಗಳಿಗೆ ಸರಿಹೊಂದುತ್ತಿತ್ತು.

ಇಲಿ ಹೆಗ್ಗಣಗಳ ಕಿವಿಕಜ್ಜಿಗೆ ಕಾರಣ ನೋಟೋಎಡ್ರಿಸ್ ಎಂಬ ನುಸಿ. ಬರಿಗಣ್ಣಿಗೆ ಕಾಣುವುದು ಕಷ್ಟ. ಚಿಗಟಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಚಿಗಟ ಪ್ರಾಣಿಯ ಮೈಮೇಲೆ ಊಟಕ್ಕೆ ಬರುವ ನೆಂಟ, ಅದರ ಮೊಟ್ಟೆ ಮರಿಗಳೆಲ್ಲ ಬಿಲದ ಧೂಳಿನಲ್ಲಿ. ನುಸಿ ಹಾಗಲ್ಲ. ಹೆಣ್ಣುನುಸಿ ಚರ್ಮದ ಮೇಲ್ಪದರದಲ್ಲೇ ಸುರಂಗ ಕೊರೆದು ಅಲ್ಲೇ ಮೊಟ್ಟೆಯಿಡುತ್ತದೆ. ನೆಲದಲ್ಲಿ ಬಿಲ ತೋಡುವ ಪ್ರಾಣಿಯ ಚರ್ಮದಲ್ಲಿ ಇನ್ನೊಂದು ಬಿಲ. ಮೈಗೆ ಮೈ ತಾಗಿಸಿ ಮಲಗುವ ಬಿಲದಲ್ಲಿ ಅದು ಒಂದರಿಂದ ಒಂದಕ್ಕೆ ಸುಲಭವಾಗಿ ದಾಟುತ್ತದೆ. ತುರಿಕೆಯಿಂದ ನಿದ್ದೆಗೆಟ್ಟು ಮೇವು ಬಿಟ್ಟ ಪ್ರಾಣಿ ಸೊರಗಿ, ಹಗಲಲ್ಲಿ ಅಲೆದು, ಕಾಗೆ ಬೆಕ್ಕುಗಳ ಬಾಯಿಗೆ ಬೀಳುತ್ತದೆ. ಮನುಷ್ಯರ ಕಜ್ಜಿಯ ನುಸಿ ಬೇರೆ ಜಾತಿ. ಇಲಿಗಳಿಗೂ ಒಂದು ಬಗೆಯ ಕುಷ್ಠವಿರುವುದು ನಿಜ, 1903ರಲ್ಲಿ ಒಡೆಸಾದಲ್ಲಿ ಅದನ್ನು ವರ್ಣಿಸಿದರು. ಅದರ ಬ್ಯಾಕ್ಟೀರಿಯಾವೂ ಮನುಷ್ಯರ ಕುಷ್ಠದ್ದಲ್ಲ.

ಕಜ್ಜಿಯ ಚರಿತ್ರೆಯಲ್ಲೂ ಅದೇ ಪಾಠವಿದೆ. 1687ರಲ್ಲೇ ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಮನುಷ್ಯರ ಕಜ್ಜಿಗುಳ್ಳೆಯಿಂದ ಸೂಜಿಮೊನೆಯಲ್ಲಿ ನುಸಿಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದಿದ್ದರು. ರೋಗವೊಂದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಕಾರಣ ಎಂದು ತೋರಿಸಿದ ಮೊದಲ ಉದಾಹರಣೆಗಳಲ್ಲಿ ಅದೊಂದು. ವೈದ್ಯಲೋಕ ಕೆಟ್ಟ ರಕ್ತ, ಕೆಟ್ಟ ಪಿತ್ತ ಎನ್ನುತ್ತಲೇ ಇತ್ತು. 1834ರಲ್ಲಿ ಪ್ಯಾರಿಸ್ಸಿನಲ್ಲಿ ರೆನುಚ್ಚಿ ಎಂಬ ಕಾರ್ಸಿಕಾದ ವಿದ್ಯಾರ್ಥಿ ಎಲ್ಲರೆದುರು ನುಸಿ ತೆಗೆದು ತೋರಿಸಿದ ಮೇಲೆ ವಿವಾದ ಮುಗಿಯಿತು. ಅವನು ತನ್ನೂರಿನ ಬಡ ಹೆಂಗಸರು ಸೂಜಿಯಿಂದ ನುಸಿ ತೆಗೆಯುವುದನ್ನು ನೋಡಿ ಕಲಿತಿದ್ದನಂತೆ. ನೂರೈವತ್ತು ವರ್ಷ ತಡವಾದದ್ದಕ್ಕೆ ಹೋಲಿಸಿದರೆ ಚಿಗಟದ ವಿಷಯದಲ್ಲಿ ಹತ್ತೇ ವರ್ಷ ತಡ. ಆದರೆ ಆ ಹತ್ತು ವರ್ಷಗಳಲ್ಲಿ ಸತ್ತವರು ಲಕ್ಷಾಂತರ.

ನಕ್ಷೆ, ಮತ್ತು ನಕ್ಷೆಗೆ ತೆತ್ತ ಬೆಲೆ

ಈಗ ಮಾಟುಂಗಕ್ಕೆ ಬರೋಣ. 1898ರಲ್ಲಿ, ಅಂದರೆ ಸಿಮೊಂದ್ ಕರಾಚಿಯಲ್ಲಿ ಜಾಡಿ ಇಟ್ಟುಕೊಂಡು ಕೂತಿದ್ದ ವರ್ಷವೇ, ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕೊಳಕು ಗಾಳಿಯೇ ರೋಗ ಎಂಬ ನಂಬಿಕೆಯ ಮೇಲೆ ನಿಂತ ಸಂಸ್ಥೆ. ಅದರ ಕೆಲಸ ಎರಡು: ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಸಮುದ್ರಗಾಳಿಗೆ ಅಗಲ ರಸ್ತೆ ಬಿಡಿಸುವುದು, ನಗರದ ಉತ್ತರಕ್ಕೆ ಹೊಸ ಬಡಾವಣೆ ಹಾಕುವುದು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಮೊದಲನೆಯದರ ಫಲ. ದಾದರ್-ಮಾಟುಂಗ-ವಡಾಲಾ-ಸಾಯನ್ ಎರಡನೆಯದರ ಫಲ.

ಅದಕ್ಕೂ ಮೊದಲು ಮಾಟುಂಗ ಎಂದರೆ ಗದ್ದೆ, ತೆಂಗು, ತಗ್ಗುನೆಲ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಂಪನಿಯ ಫಿರಂಗಿದಳದ ಶಿಬಿರವಿತ್ತು. 1890ರಲ್ಲಿ ಮುನಿಸಿಪಲ್ ಕಮಿಷನರ್ ಆಕ್ವರ್ತ್ ಅಲ್ಲಿ ನಿರ್ಗತಿಕ ಕುಷ್ಠರೋಗಿಗಳ ಆಶ್ರಯ ತೆರೆದರು. ವಡಾಲಾದ ಆಕ್ವರ್ತ್ ಆಸ್ಪತ್ರೆ ಇಂದಿಗೂ ಅದರ ಮುಂದುವರಿಕೆ. ಕಣ್ಣಿಗೆ ಬೀಳಬಾರದ ಚರ್ಮಗಳನ್ನು ನಗರ ದಬ್ಬಿದ ಅಂಚು ಅದು. ಇಂಜಿನಿಯರ್ ಓದುಗರಿಗಾಗಿ ಒಂದು ಮಾತು: 1897ರಲ್ಲಿ ಆ ಆಶ್ರಯದ ಮಲಮೂತ್ರದ ಟ್ಯಾಂಕಿನಿಂದ ಬಂದ ಅನಿಲವನ್ನು ಹಿಡಿದು ದೀಪಕ್ಕೆ ಬಳಸಿದರು. ಭಾರತದ ಜೈವಿಕ ಅನಿಲದ ಕಥೆ ಅಲ್ಲಿಂದ ಶುರುವಾಗುತ್ತದೆ.

ಟ್ರಸ್ಟ್ ಗದ್ದೆಗಳನ್ನು ಸ್ವಾಧೀನಪಡಿಸಿ, ತಗ್ಗು ತುಂಬಿ, ರಸ್ತೆ ಎಳೆದು, ಒಳಚರಂಡಿ ಹಾಕಿ, ನಿವೇಶನಗಳನ್ನು ಗುತ್ತಿಗೆಗೆ ಕೊಟ್ಟಿತು. ಟ್ರಸ್ಟಿನ ಅಧ್ಯಕ್ಷರಾಗಿದ್ದ ಜೆ.ಪಿ. ಓರ್ ಅವರದು ಪ್ರಸಿದ್ಧವಾದ ಅರವತ್ತಮೂರೂವರೆ ಡಿಗ್ರಿಯ ನಿಯಮ. ಪ್ರತಿ ಕೋಣೆಯ ಕಿಟಕಿಗೂ ಆ ಕೋನದಲ್ಲಿ ಆಕಾಶ ಕಾಣಬೇಕು. ಲೆಕ್ಕ ಹಾಕಿ ನೋಡಿ, ಆ ಕೋನದ ಟ್ಯಾಂಜೆಂಟ್ ಎರಡು. ಎದುರಿನ ಕಟ್ಟಡ ಎಷ್ಟು ಎತ್ತರವೋ ಅದರ ಅರ್ಧದಷ್ಟು ಜಾಗ ನಡುವೆ ಖಾಲಿ ಬಿಡಬೇಕು ಎಂದರ್ಥ. ಮಾಟುಂಗದಲ್ಲಿ ನಮ್ಮ ಹುಡುಗರು "ಉಸಿರಾಡಬಹುದು" ಎನ್ನುವುದು ಈ ಎರಡು ಅನುಪಾತ ಒಂದರ ಮಾತು.

ಬೆಳಕು ಬಿಟ್ಟರೆ ಪ್ಲೇಗು ಸಾಯುವುದಿಲ್ಲ. ಆದರೂ ಗಟ್ಟಿ ನೆಲ, ಗಟ್ಟಿ ಗೋಡೆ, ಮುಚ್ಚಿದ ಚರಂಡಿ, ಮನೆಯ ಕೆಳಗೆ ಗೋದಾಮಿಲ್ಲದ ವಿನ್ಯಾಸ ಇಲಿಗೆ ಅನುಕೂಲವಲ್ಲ. ತಪ್ಪು ಕಾರಣಕ್ಕೆ ಮಾಡಿದ ಕೆಲಸ ಪರೋಕ್ಷವಾಗಿ ಫಲ ಕೊಟ್ಟಿತು. ಯಾರಿಗೆ ಕೊಟ್ಟಿತು ಎಂಬುದು ಬೇರೆ ಪ್ರಶ್ನೆ. ಟ್ರಸ್ಟ್ ಮೊದಲ ವರ್ಷಗಳಲ್ಲಿ ಮನೆ ಕಟ್ಟಿಕೊಟ್ಟದ್ದಕ್ಕಿಂತ ಹೆಚ್ಚು ಮಂದಿಯ ಮನೆ ಕೆಡವಿತು. ಕೇರಿ ಕಳೆದುಕೊಂಡ ಹಮಾಲರು, ಗಿರಣಿಯವರು ದುಡಿಮೆಯ ಜಾಗ ಬಿಟ್ಟು ಮೈಲಿಗಟ್ಟಲೆ ದೂರದ ಮಾಟುಂಗಕ್ಕೆ ಬರುವಂತಿರಲಿಲ್ಲ. ಬಾಡಿಗೆಯೂ ಕೈಗೆಟುಕುವಂತಿರಲಿಲ್ಲ. ಅವರು ಪಕ್ಕದ ಚಾಳಿಗೆ ನುಗ್ಗಿದರು, ಅಲ್ಲಿನ ಇಕ್ಕಟ್ಟು ಇಮ್ಮಡಿಯಾಯಿತು. ಪ್ಲೇಗಿಗೆ ಹೆಚ್ಚು ಸತ್ತವರ ಹೆಸರಿನಲ್ಲಿ ಕಟ್ಟಿದ ಬಡಾವಣೆಗೆ ಅವರು ಬರಲೇ ಇಲ್ಲ.

ಬಂದವರು ನಾವು. 1920, 30ರ ದಶಕಗಳಲ್ಲಿ ಕಟ್ಟಡಗಳು ಎದ್ದಾಗ ಟೈಪಿಂಗ್, ಶೀಘ್ರಲಿಪಿ, ಲೆಕ್ಕ ಕಲಿತು ಕಂಪನಿಗಳ ಗುಮಾಸ್ತರಾಗಿ ಬಂದ ದಕ್ಷಿಣದವರು ಬಾಡಿಗೆದಾರರಾದರು. ತಮಿಳರು, ಮಲಯಾಳಿಗಳು, ಕನ್ನಡಿಗರು, ಕೊಂಕಣಿಗರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಶುರುವಾಯಿತು. ಬೆನ್ನಿಗೇ ಉಡುಪಿಯ ಊಟದ ಮನೆಗಳು ಬಂದವು. ಸ್ಟೇಷನ್ ಪಕ್ಕದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ ಎಷ್ಟು ತಲೆಮಾರಿನ ಬ್ರಹ್ಮಚಾರಿಗಳನ್ನು ಸಾಕಿದೆಯೋ ಲೆಕ್ಕವಿಲ್ಲ. ರೈಲುಹಳಿಯ ಆಚೆ ಬದಿಗೆ ಕರ್ನಾಟಕ ಸಂಘ. ಅದರಾಚೆ ಧಾರಾವಿ. ಅಲ್ಲಿಯೂ ಒಂದು ಮಾಟುಂಗ ಇದೆ, ಮಾಟುಂಗ ಲೇಬರ್ ಕ್ಯಾಂಪ್. ಕಲಬುರಗಿ ಕಡೆಯಿಂದ ಕೂಲಿಗೆ ಬಂದ ಕನ್ನಡಿಗರು ಧಾರಾವಿಯಲ್ಲಿ ಬಹಳ ಮಂದಿ. ಅವರ ಓಣಿಗೆ ಅರವತ್ತಮೂರೂವರೆ ಡಿಗ್ರಿ ಎಂದೂ ಸಿಗಲಿಲ್ಲ. ನಮ್ಮ ಸಂಘಗಳ ಇತಿಹಾಸ ಬರೆಯುವಾಗ ನಾವು ಹಳಿಯ ಒಂದೇ ಬದಿಯನ್ನು ಬರೆಯುತ್ತೇವೆ ಎಂಬುದು ನನ್ನ ತಕರಾರು.

ಬೆಂಗಳೂರಿಗರಿಗೆ ಈ ಕಥೆ ಅಪರಿಚಿತವಲ್ಲ. ಮಲ್ಲೇಶ್ವರ, ಬಸವನಗುಡಿ ಕೂಡ 1898ರ ಪ್ಲೇಗಿನ ಬಳಿಕ ಪೇಟೆಯ ಇಕ್ಕಟ್ಟು ಕಡಿಮೆಮಾಡಲು ಹಾಕಿದ ಬಡಾವಣೆಗಳೇ. ಪೇಟೆಯವರು ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದರು, ಸರ್ಕಾರ ನಿವೇಶನ ಹಂಚಿತು.

ಹೊಲದ ಬಿಲಗಳು

ಡಿಡಿಟಿ, ಪ್ರತಿಜೈವಿಕಗಳು ಬಂದ ಮೇಲೆ ಪ್ಲೇಗು ನಗರಗಳಿಂದ ಕಾಲ್ತೆಗೆಯಿತು. ಎಲ್ಲಿಗೆ ಹೋಯಿತು? 1950ರ ದಶಕದಲ್ಲಿ ಬಲ್ತಜಾರ್ ಮತ್ತು ಬಹ್ಮನ್ಯಾರ್ ಎಂಬ ಸಂಶೋಧಕರು ಉತ್ತರಪ್ರದೇಶದ ಹೊಲಗಳನ್ನು ಅಗೆದು ನೋಡಿ, ರೋಗ ಬಯಲಿನಲ್ಲಿ ಬಿಲ ತೋಡುವ ಟಟೇರಾ ಇಂಡಿಕಾ ಎಂಬ ಬಯಲಿಲಿಯಲ್ಲಿ ಉಳಿಯುವುದನ್ನು ಕಂಡರು. ಹೊರಗೆ ಬೇಸಿಗೆ ಎಷ್ಟೇ ಉರಿಯಲಿ, ಆಳದ ಬಿಲ ತಂಪಾಗಿ ತೇವವಾಗಿರುತ್ತದೆ. ಮುಂಬಯಿಯಲ್ಲಿ ಸರಾಸರಿ ಉಷ್ಣತೆ 85 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಪ್ಲೇಗು ಇಳಿಯುತ್ತದೆಂದು ಪರೇಲಿನವರು ಗುರುತಿಸಿದ್ದರು. ಬಿಲದೊಳಗಿನ ಚಿಗಟಕ್ಕೆ ಆ ಬಿಸಿ ತಾಗುವುದಿಲ್ಲ.

ನಮ್ಮ ರಾಜ್ಯಕ್ಕೂ ಇದು ಹತ್ತಿರದ ಸಂಗತಿ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಕೋಲಾರ-ಹೊಸೂರು ಸೀಮೆ ಅಂಥ ಒಂದು ತಾಣ. 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಕಂಡದ್ದೇ ಆ ಕಾಲದ ಕೊನೆಯ ಪ್ರಕರಣ ಎಂದು ದಾಖಲೆಗಳು ಹೇಳುತ್ತವೆ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಬೆಂಗಳೂರು ಶಾಖೆ ಆ ಬಯಲುಗಳ ಇಲಿಗಳ ಮೇಲೆ ನಿಗಾ ಇಟ್ಟಿದೆ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಮತ್ತು ಗುಜರಾತಿನ ಸೂರತ್‌ನಲ್ಲಿ ಪ್ಲೇಗು ಮತ್ತೆ ತಲೆಯೆತ್ತಿತು. ಸೂರತ್‌ನಿಂದ ಲಕ್ಷಾಂತರ ವಲಸಿಗರು ಗಂಟು ಕಟ್ಟಿಕೊಂಡು ರೈಲು ಹತ್ತಿದ ದೃಶ್ಯ 1897ರ ಮುಂಬಯಿಯದೇ ಪ್ರತಿ. 2002ರಲ್ಲಿ ಹಿಮಾಚಲದಲ್ಲಿ, 2004ರಲ್ಲಿ ಉತ್ತರಕಾಶಿ ಜಿಲ್ಲೆಯಲ್ಲಿ ಸಣ್ಣ ಪ್ರಮಾಣದಲ್ಲಿ ಕಂಡಿತು.

ಮುಂಬಯಿ ಮರೆತಿಲ್ಲ. ಮಹಾನಗರಪಾಲಿಕೆಯ ಕೀಟನಾಶಕ ವಿಭಾಗದಲ್ಲಿ ರಾತ್ರಿಯ ಇಲಿಬೇಟೆಗಾರರು ಎಂಬ ಹುದ್ದೆ ಇದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಉದ್ದನೆಯ ಕೋಲು. ಒಂದು ರಾತ್ರಿಗೆ 30 ಇಲಿ ಲೆಕ್ಕ ಒಪ್ಪಿಸಬೇಕು, ಕಡಿಮೆಯಾದರೆ ಮರುದಿನ ತುಂಬಿಸಬೇಕು. ಟಾರ್ಗೆಟ್, ಬ್ಯಾಕ್‌ಲಾಗ್ ಎಂದು ನಾವು ಗೊಣಗುವುದನ್ನು ಅವರೆದುರು ಆಡಬಾರದು. ಅವರು ಹಿಡಿದ ಇಲಿಗಳಲ್ಲಿ ಕೆಲವು ಪ್ಲೇಗಿನ ಪರೀಕ್ಷೆಗೆ ಪರೇಲಿನ ಹಾಫ್‌ಕಿನ್ ಸಂಸ್ಥೆಗೆ ಹೋಗುತ್ತವೆ. ಇಂಥ ನಿಗಾದಲ್ಲಿ ಇಲಿಯ ಮೈ ಬಾಚಿ ಚಿಗಟ ಎಣಿಸುವುದು ಒಂದು ಹಳೆಯ ವಿಧಾನ. ಒಂದು ಇಲಿಗೆ ಸರಾಸರಿ ಒಂದು ಕಿಯಾಪಿಸ್ ಚಿಗಟಕ್ಕಿಂತ ಹೆಚ್ಚಿದ್ದರೆ ಎಚ್ಚರಿಕೆಯ ಗಂಟೆ.

ನೂರಿಪ್ಪತ್ತೈದು ವರ್ಷಗಳ ವಿಜ್ಞಾನ, ಕಾಯ್ದೆ, ದಂಗೆ, ನಗರಯೋಜನೆ ಎಲ್ಲ ಕೊನೆಗೆ ಬಂದು ನಿಂತಿರುವುದು ಆ ಸರಳ ಎಣಿಕೆಯ ಮೇಲೆ. ಸಂಬಳ ಕಡಿಮೆಯಿರುವ ಒಬ್ಬ ಕಾರ್ಮಿಕ ಗಟಾರದ ಬಾಯಲ್ಲಿ ರಾತ್ರಿಯಿಡೀ ನಿಂತರೆ ಮಾತ್ರ ಆ ಎಣಿಕೆ ಸಾಧ್ಯ. ಮಾಟುಂಗದ ಅಗಲ ರಸ್ತೆಗಳು ನಮಗೆ ಗಾಳಿ ಕೊಟ್ಟಿವೆ, ಒಪ್ಪೋಣ. ಪ್ಲೇಗು ಇನ್ನೊಮ್ಮೆ ಇತ್ತ ಬರುವುದಾದರೆ ಮೊದಲ ಸುಳಿವು ಸಿಗುವುದು ಮಾತ್ರ ಅವನ ಕೈಚೀಲದಲ್ಲಿ.